ಕಾಲಿಗೆ ಕಟ್ಟಿದ ಆಲೂಗೆಡ್ಡೆ

ಮೊದಲು ಬಂದದ್ದು ಶಬ್ದ. ನೋವು ಆಮೇಲೆ.
ಎಳೆ ಅವರೆಕಾಯಿ ಮುರಿದ ಹಾಗೆ, ಟಕ್ ಅಂತ,
ಹಾಸನದ ಸ್ಟೇಡಿಯಮ್ಮಿನ ಕೆಂಪು ಮಣ್ಣಲ್ಲಿ.
ಕಂಬಕ್ಕೆ ಒಂದು ಕೈ ಕೊಟ್ಟು ಹಾರಿದ್ದೆ,
ಅರಸೀಕೆರೆ ಹುಡುಗಿಯ ಬೆನ್ನಿನ ನಂಬರು
ಬೆರಳಿಗೆ ಸಿಕ್ಕಿತ್ತು. ಔಟಾದಳು.
ವಿಸಲ್ ಊದಿದ್ದು ಅವಳಿಗೆ.
ಏಳದೆ ಬಿದ್ದಿದ್ದವಳು ನಾನು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
ಪೆನ್ನಿನ ತುದಿಯಲ್ಲಿ ತೋರಿಸಿದರು:
ಮಂಡಿಯೊಳಗೊಂದು ಹಗ್ಗವಂತೆ,
ಅರ್ಧ ಹರಿದಿದೆಯಂತೆ. ಆಪರೇಷನ್ ಸದ್ಯಕ್ಕೆ ಬೇಡ.
ಆರು ತಿಂಗಳು ಆಟ ಮರೆತುಬಿಡಬೇಕು.
ಅಪ್ಪ ಕೇಳಿದ್ದು ಒಂದೇ:
"ಗೋಣಿ ಬಾಯಿ ಹೊಲಿದಂಗೆ ಹೊಲಿಯಕ್ಕಾಗಲ್ವಾ ಸಾರ್?"
ಅವರು ನಗಲಿಲ್ಲ. ಅದಕ್ಕೇ ಆ ಡಾಕ್ಟರು ನನಗೆ ಇಷ್ಟ.

ನಮ್ಮ ಟೀಮು ರಾಜ್ಯಮಟ್ಟಕ್ಕೆ ಹೊರಟ ದಿನ
ನನ್ನ ಏಳನೇ ನಂಬರಿನ ಜೆರ್ಸಿ ರುಕ್ಸಾರ್ ಹಾಕಿಕೊಂಡಳು.
ಹೆಗಲು ಸಡಿಲ. ನಾನೇ ಪಿನ್ ಹಾಕಿಕೊಟ್ಟೆ.
"ಬೇಜಾರೇನೆ?" "ಹೋಗೇ, ಏನಿಲ್ಲ."
ಪಿನ್ನು ಒಂಚೂರು ಚುಚ್ಚಲಿ ಅಂದುಕೊಂಡದ್ದನ್ನು
ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.

ಖೋ-ಖೋದಲ್ಲಿ ಕೂರುವುದೂ ಆಟವೇ.
ಎಂಟು ಜನ ಸಾಲಾಗಿ, ಒಬ್ಬಳ ಮುಖ ಅತ್ತ, ಒಬ್ಬಳದು ಇತ್ತ,
ತುದಿಗಾಲಲ್ಲಿ, ಬೆರಳು ಮಣ್ಣಿಗೆ ಊರಿ,
ಮೈಯೆಲ್ಲ ಬೆನ್ನಿಗೇ ಬಂದು ಕೂತಿರುತ್ತದೆ.
ಹಿಂದಿನಿಂದ ಯಾರೋ ಮುಟ್ಟಿ ಖೋ ಅನ್ನುವ ತನಕ
ಏಳುವ ಹಾಗಿಲ್ಲ. ಎದ್ದರೆ ಫೌಲು.
ಐದನೇ ಕ್ಲಾಸಿಂದ ಕೂತು ಕೂತು ಪಳಗಿದವಳು ನಾನು.
ಆದರೂ ನಮ್ಮ ಕಬ್ಬಿಣದ ಮಂಚದ ಮೇಲೆ
ಕೂರುವುದು ಬರಲಿಲ್ಲ.
ಬೆನ್ನ ಹಿಂದೆ ಇದ್ದದ್ದು ಗೋಡೆ.

ಫಿಸಿಯೋ ಫಿಲೋಮಿನಾ ಮೇಡಂ ಹೇಳಿದರು:
ಕಾಲಿಗೆ ಅರ್ಧ ಕೆಜಿ ಕಟ್ಟು, ಎತ್ತು,
ಹತ್ತು ಎಣಿಸಿ ಇಳಿಸು. ದಿನಾ ಮೂರು ಸಲ.
ಅಂಗಡಿಯಲ್ಲಿ ಆ ಮರಳು ತುಂಬಿದ ಪಟ್ಟಿಗೆ ಎಂಟುನೂರು.
ಅಪ್ಪ ಎಪಿಎಂಸಿ ಯಾರ್ಡಿನ ಹಮಾಲಿ.
ಒಂದು ತುಂಡು ಗೋಣಿ, ಅಮ್ಮನ ಹಳೇ ಲಂಗದ ಲಾಡಿ,
ಮೂರು ಆಲೂಗೆಡ್ಡೆ. ಅಂಗೈಲಿ ತೂಗಿದ,
ಒಂದು ತೆಗೆದು ಸಣ್ಣದು ಹಾಕಿದ.
"ಅರ್ಧ ಕೆಜಿ. ಬೇಕಾದ್ರೆ ತೂಗ್ಸು."
ಪಕ್ಕದ ಅಂಗಡಿಯಲ್ಲಿ ತೂಗಿಸಿದೆ. ನಾನೂರ ತೊಂಬತ್ತೈದು ಗ್ರಾಂ.
"ಅವ್ನ ತಕ್ಕಡಿ ಸರಿಯಿಲ್ಲ" ಅಂದ.

ವಾರಕ್ಕೊಂದು ಗೆಡ್ಡೆ ಸೇರುತ್ತ ಹೋಯಿತು.
ಒಂದು ಗುರುವಾರ ನೋಡಿದರೆ ಚೀಲ ಖಾಲಿ,
ಅಮ್ಮ ಪಲ್ಯಕ್ಕೆ ಹೆಚ್ಚಿದ್ದಳು.
"ಹೊಟ್ಟೆಗಾದ್ರೇನು, ಕಾಲಿಗಾದ್ರೇನು, ಉಣ್ಣು."
ಮನೆಯಲ್ಲಿ ನಗು ಕೇಳಿ ತಿಂಗಳಾಗಿತ್ತು.
ಇನ್ನೊಂದು ಸಲ ಮೊಳಕೆ ಬಂದಿತ್ತು,
ಬಿಳಿಯದು, ಗೋಣಿಯ ಎಳೆ ಸರಿಸಿಕೊಂಡು.
ಅದರಿಂದ ನಾನೇನೂ ಅರ್ಥ ಮಾಡಿಕೊಳ್ಳಲಿಲ್ಲ.
ಚಿವುಟಿ ಎಸೆದೆ.

ರುಕ್ಸಾರ್ ಸೆಮಿಫೈನಲ್ ಸೋತು ಬಂದಳು.
ಜೆರ್ಸಿ ಒಗೆದು ಮಡಚಿ ಕೊಟ್ಟಳು, ಪಿನ್ ಅದರಲ್ಲೇ.
"ನೀನಿದ್ದಿದ್ರೆ..." ಅಂತ ಶುರುಮಾಡಿದವಳು
ನನ್ನ ಮುಖ ನೋಡಿ ಅಲ್ಲಿಗೇ ಬಿಟ್ಟಳು.

ಮಾರ್ಚಿನ ಒಂದು ರಾತ್ರಿ, ಕರೆಂಟಿಲ್ಲ,
ಏಕಾಂತದಲ್ಲಿ ಎಣಿಸುತ್ತಿದ್ದೆ.
ಅಪ್ಪ ಪಕ್ಕ ಬಂದು ಕೂತ, ಬಲಗಾಲು ಚಾಚಿದ.
ಟಕ್.
ಅದೇ ಶಬ್ದ. ಸ್ವಲ್ಪ ಹಳೆಯದು.
"ಯಾವಾಗ ಆಗಿದ್ದು?"
"ನೀನು ಹುಟ್ಟಕ್ ಮುಂಚೆ. ಲಾರಿ ಹಲಗೆ ಜಾರ್ತು."
"ಆಮೇಲೆ ಎಷ್ಟು ದಿನ ಕೂತಿದ್ದೆ?"
ಯೋಚಿಸಿದ.
"ಊಟಕ್ ಕೂತಿದ್ದೆ."

ಎದ್ದು, ನನ್ನ ಕಾಲಿನ ಚೀಲ ಬಿಚ್ಚಿದೆ.
ಒಂದೂವರೆ ಕೆಜಿ. ಅವನ ಕಾಲಿಗೆ ಕಟ್ಟುವಾಗ ಗೊಣಗಿದ,
ಐವತ್ತು ಕೆಜಿ ಹೊರೋನಿಗೆ ಇದೇನ್ ಮಕ್ಕಳಾಟ.
"ಎತ್ತು."
ಎತ್ತಿದ. ಆರಕ್ಕೇ ಇಳಿಸಲು ನೋಡಿದ, ಬಿಡಲಿಲ್ಲ.
ಏಳು. ಕಾಲು ನಡುಗಿತು, ಏಳಲು ನೆಲಕ್ಕೆ ಕೈ ಊರಿದ.
ಹಿಂದೆ ಹೋಗಿ ಬೆನ್ನ ಮೇಲೆ ಕೈ ಇಟ್ಟೆ,
ಚೀಲ ಹೊತ್ತು ಹೊತ್ತು ಒರಟಾದ ಬೆನ್ನು.
ಖೋ ಅನ್ನಲಿಲ್ಲ.
ಇನ್ನೊಂಚೂರು ಕೂತಿರಲಿ.
ಎಂಟು ಅಂದೆ.